ಹೆಲ್ಮೆಟ್ ತೆಗೆಯದ ಮೇಡಂ

ಅವರ ಗಲ್ಲದ ಕೆಳಗೆ ಹೆಲ್ಮೆಟ್ಟಿನ ಪಟ್ಟಿ ಒತ್ತಿ ಒತ್ತಿ ಒಂದು ಕಪ್ಪು ಗೆರೆ ಬಿದ್ದಿತ್ತು. ಸ್ಕೂಟರ್ ನಿಲ್ಲಿಸಿದ ಮೇಲೂ ಹೆಲ್ಮೆಟ್ ತೆಗೆಯುತ್ತಿರಲಿಲ್ಲ. ಮುಂದಿನ ಗಾಜನ್ನು ಮೇಲಕ್ಕೆ ತಳ್ಳಿ, ಮೊಬೈಲನ್ನು ಹೆಲ್ಮೆಟ್ಟಿನೊಳಗೇ ಕಿವಿಯ ಪಕ್ಕಕ್ಕೆ ಸಿಕ್ಕಿಸಿಕೊಂಡು, ಆಚೆ ಈಚೆ ತಿರುಗಾಡುತ್ತ ಮಾತಾಡುತ್ತಿದ್ದರು. ಕೂರಿ ಎಂದರೆ "ಕೂತ್ರ ಹೊತ್ತಾಗ್ತೈತ್ರಿ" ಎನ್ನುವರು. ಚಹಾವನ್ನೂ ನಿಂತೇ ಕುಡಿದು, ಲೋಟವನ್ನು ಹತ್ತಿರ ಇದ್ದವರ ಕೈಗೆ ಕೊಟ್ಟು ಹೊರಟುಬಿಡುವರು. ನನಗೋ ಕಾಲು ಚಾಚಿ ಕೂತು ಮಾತಾಡುವವರೇ ಇಷ್ಟ. ಮೊದಮೊದಲು ಅವರನ್ನು ಕಂಡರೆ ಮೈ ಉರಿಯುತ್ತಿತ್ತು.

ನಮ್ಮದು ಹಳ್ಳಿಗಳ ಜನ ಹಳ್ಳ ದಾಟಲು ಕಾಲುಸಂಕ ಕಟ್ಟಿಸಿಕೊಡುವ ಸಣ್ಣ ಸಂಸ್ಥೆ. ಶಿರಸಿ, ಸಿದ್ದಾಪುರ, ಯಲ್ಲಾಪುರಕ್ಕೆ ಒಂದೊಂದು ತಂಡ. ಮೂರೂ ತಂಡಗಳ ಕೆಲಸ ಎಲ್ಲಿಗೆ ಬಂತೆಂದು ನೋಡುವ ಪ್ರಾಜೆಕ್ಟ್ ಮ್ಯಾನೇಜರ್ ಈ ಮೇಡಂ, ಬನವಾಸಿ ಕಡೆಯವರು. ನಾನು ಯಲ್ಲಾಪುರ ತಂಡದ ಇಂಜಿನಿಯರ್, ಇಸಳೂರಿನ ಮನೆಯಿಂದ ಬೈಕಿನಲ್ಲಿ ಓಡಾಡುವವನು. ಹಳ್ಳದ ಜಾಗಗಳಲ್ಲಿ ಫೋನ್ ಹತ್ತುತ್ತಿರಲಿಲ್ಲವಾದ್ದರಿಂದ ಮೇಡಂ ತಾವೇ ಬಂದು ನಿಲ್ಲುತ್ತಿದ್ದರು. ಯಾವ ತಿರುವಿನಲ್ಲಿ ಆ ಸ್ಕೂಟರ್ ಸದ್ದು ಕೇಳೀತೋ ಎಂದು ನಮ್ಮ ಕಿವಿ ಯಾವಾಗಲೂ ರಸ್ತೆಯ ಕಡೆಗೇ.

ಎಷ್ಟಾಯಿತು ಎಂದು ಅವರು ಕೇಳಿದವರೇ ಅಲ್ಲ. "ನಾಳಿ ಮಧ್ಯಾಹ್ನ ಬಂದ್ರ ನಾ ಇಲ್ಲಿ ಏನ್ ನೋಡ್ತೀನಿ, ಅದನ್ನ ಹೇಳ್ರಿ" ಎನ್ನುತ್ತಿದ್ದರು. ನಾನು ಹಳೆಯ ಚಾಳಿಯಂತೆ "ಎಪ್ಪತ್ತು ಪರ್ಸೆಂಟ್ ಮುಗಿದಿದೆ ಮೇಡಂ" ಅಂದರೆ ಹೆಲ್ಮೆಟ್ಟಿನೊಳಗಿನ ಕಣ್ಣು ಕಿರಿದಾಗುತ್ತಿತ್ತು.

"ಪರ್ಸೆಂಟ್ ಹೇಳಬ್ಯಾಡ್ರಿ. ಪರ್ಸೆಂಟಿನ ಮ್ಯಾಲೆ ಯಾರೂ ನಡದು ಹಳ್ಳ ದಾಟಂಗಿಲ್ಲ."

ಹೇಳಿದ್ದು ಮರುದಿನ ಕಾಣದಿದ್ದರೂ ಬೈಯುತ್ತಿರಲಿಲ್ಲ. ಕೆಲಸದ ಸುತ್ತ ಒಂದು ಸುತ್ತು ಬಂದು, ಇನ್ನೊಂದು ಸುತ್ತು ಬಂದು, ಮತ್ತೆ ಅದೇ ಪ್ರಶ್ನೆ ಕೇಳುತ್ತಿದ್ದರು. ಬೈದಿದ್ದರೇ ವಾಸಿಯಿತ್ತು.

ಆ ಬೇಸಿಗೆ ಮಾಗೋಡಿನ ಕಡೆಯ ಒಂದು ಹಳ್ಳದಲ್ಲಿ ನಮ್ಮ ಕೆಲಸ. ಆಚೆ ದಡದಲ್ಲಿ ನಾಲ್ಕೈದು ಮನೆ. ಮಳೆಗಾಲಕ್ಕೆ ಮುಂಚೆ ಅಲ್ಲಿಯವರು ಮನೆಗೊಂದು ಅಡಿಕೆ ಮರ ಹೊತ್ತು ತಂದು, ಹಳ್ಳಕ್ಕೆ ಅಡ್ಡ ಹಾಸಿ, ಹಿಡಿದುಕೊಳ್ಳಲು ಬಿದಿರಿನ ಗಳ ಕಟ್ಟಿ ಸಂಕ ಹಾಕುತ್ತಿದ್ದರು. ಮಳೆಗಾಲ ಮುಗಿಯುವಾಗ ಅದು ಹಾಳಾಗುತ್ತಿತ್ತು. ಮರುವರ್ಷ ಮತ್ತೆ ಹಾಕುವುದು ರೂಢಿ. ನಮ್ಮ ಕಾಂಕ್ರೀಟ್ ಕಂಬಗಳು ಎದ್ದದ್ದನ್ನು ಕಂಡ ಮೇಡಂ ಹುರುಪಿನಲ್ಲಿ, "ಈ ವರ್ಷ ನೀವು ಸಂಕ ಹಾಕೂದು ಬ್ಯಾಡ್ರಿ, ನಮ್ಮದ ಆಗಿಬಿಡ್ತೈತಿ" ಎಂದು ಮನೆಮನೆಗೆ ಹೇಳಿಬಂದರು. ಜನ ನಂಬಿ ಸುಮ್ಮನಾದರು.

ಕಂಬಗಳ ಮೇಲೆ ಕೂರಿಸುವ ಕಬ್ಬಿಣದ ಚೌಕಟ್ಟು ಹುಬ್ಬಳ್ಳಿಯ ವರ್ಕ್‌ಶಾಪಿನಿಂದ ಬರಬೇಕಿತ್ತು. ಇವತ್ತು ಬರುತ್ತದೆ, ನಾಳೆ ಬರುತ್ತದೆ ಎನ್ನುತ್ತಲೇ ಮೇ ತಿಂಗಳು ಜಾರಿತು. ಸಂಜೆಯಾದರೆ ಗುಡುಗು. ಮೇಡಂ ದಿನಾ ಬರತೊಡಗಿದರು, ಮೋಡ ನೋಡುವರು, ಕಂಬ ನೋಡುವರು. ಅಂಥ ಒಂದು ಮಧ್ಯಾಹ್ನ ಆಚೆ ದಡದ ಮೊದಲ ಮನೆಯ ಅಮ್ಮ ಒಣಗಿದ ಹಳ್ಳದಲ್ಲಿ ಇಳಿದು ಬಂದರು. ಅವರ ಗಂಡನಿಗೆ ಕಿಡ್ನಿ ತೊಂದರೆ. ಡಯಾಲಿಸಿಸ್‌ಗೆಂದು ವಾರಕ್ಕೆರಡು ಸಲ ಶಿರಸಿಗೆ ಹೋಗದೆ ವಿಧಿಯಿಲ್ಲ.

"ತಂಗಿ, ನೀ ಹೇಳಿದ್ದಕ್ಕೆ ಈ ವರ್ಷ ಸಂಕ ಹಾಕಿದ್ವಿಲ್ಲೆ. ಮಳೆ ಹಿಡಿದ್ರೆ ಇವ್ರನ್ನ ಶಿರಸಿಗೆ ಕರ್ಕಂಡು ಹೋಪದು ಹ್ಯಾಂಗೆ?"

ಆ ಅಮ್ಮನ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಹೆಚ್ಚು ಚುಚ್ಚಿತು. ನಾನು ಬಾಯಿ ಹಾಕಿ, "ತೊಂಬತ್ತು ಪರ್ಸೆಂಟ್ ಆಗಿದೆ, ಎರಡು ದಿನದಲ್ಲಿ ಲಾರಿ ಬಂದುಬಿಡುತ್ತದೆ" ಅಂದೆ. ಮೇಡಂ ನನ್ನ ಕಡೆ ತಿರುಗಲೂ ಇಲ್ಲ. ಗಲ್ಲದ ಪಟ್ಟಿ ಬಿಚ್ಚಿ ಹೆಲ್ಮೆಟ್ ತೆಗೆದರು. ಬೆವರಿಗೆ ಅಂಟಿಕೊಂಡ ಕೂದಲು, ನಾನಂದುಕೊಂಡದ್ದಕ್ಕಿಂತ ಎಷ್ಟೋ ಬೆಳ್ಳಗೆ. ಹೆಲ್ಮೆಟ್ಟನ್ನು ಮಡಿಲಲ್ಲಿಟ್ಟುಕೊಂಡು ಹಳ್ಳದ ಬಂಡೆಯ ಮೇಲೆ ಕೂತರು. ಅವರು ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಅಮ್ಮಾ, ನಾ ಹಂಗ ಹೇಳಬಾರದಿತ್ತು" ಅಂದರು. "ನಿಮ್ಮ ಸಂಕ ನಾವ ಹಾಕಿಕೊಡ್ತೀವಿ."

ಫೋನ್ ಹತ್ತುವ ಗುಡ್ಡ ಏರಿ ಉಳಿದ ಎರಡು ತಂಡಗಳಿಗೂ ಬರಹೇಳಿದರು. ಬರಹೇಳುವ ಮುಂಚೆ ಅವರಿಗೆ ಕೇಳಿದ್ದು ಒಂದೇ: "ಅಲ್ಲಿ ಊರವರು ತಮ್ಮ ಸಂಕ ಹಾಕ್ಯಾರೋ ಇಲ್ಲೋ?" ಹಾಕಿದ್ದಾರೆಂದು ಖಾತ್ರಿಯಾದ ಮೇಲೆಯೇ ಕರೆದರು. ಮರುದಿನ ಎಲ್ಲರೂ ಸೇರಿ ಊರವರೊಂದಿಗೆ ಅಡಿಕೆ ಮರ ಹೊತ್ತೆವು. ನಾನು ಗೊಣಗುತ್ತಲೇ ಹೊತ್ತೆ. ಲಾರಿ ಬರುವುದಿದ್ದಾಗ ಇದೆಂಥ ಹುಚ್ಚು ಅನ್ನಿಸಿತ್ತು. ಮೇಡಂ ಮತ್ತೆ ಗುಡ್ಡ ಏರಿದಾಗ ಕೇಂದ್ರ ಕಚೇರಿಯಿಂದ ಫೋನ್ ಬಂತು. ಮೂರೂ ತಂಡ ಕೆಲಸ ಬಿಟ್ಟು ಮರದ ಸಂಕ ಕಟ್ಟುತ್ತಿದ್ದೀರಾ ಎಂದು ಕೇಳಿದರಂತೆ. ಮೇಡಂ "ಹೌದ್ರಿ" ಎಂದು ಫೋನ್ ಇಟ್ಟರಂತೆ. ಸಂಕ ಮುಗಿದಾಗ ಮೊದಲು ದಾಟಿದವರು ಅವರೇ, ಹೆಲ್ಮೆಟ್ ಹಾಕಿಕೊಂಡು. ನಡುವೆ ನಿಂತು ಎರಡು ಸಲ ಕುಪ್ಪಳಿಸಿ ನೋಡಿದರು. ಆವತ್ತಿನ ವರದಿಯಲ್ಲಿ ಯಲ್ಲಾಪುರ ತಂಡದ ಪ್ರಗತಿ ಎಂಬಲ್ಲಿ "ಜನ ಹಳ್ಳ ದಾಟುತ್ತಿದ್ದಾರೆ" ಎಂದಷ್ಟೇ ಬರೆದಿದ್ದರು.

ಲಾರಿ ಬರುವ ಹೊತ್ತಿಗೆ ಮಳೆ ಹಿಡಿದು ಹಳ್ಳ ದಡ ಮುಟ್ಟಿತ್ತು. ಚೌಕಟ್ಟು ಮಳೆಗಾಲವಿಡೀ ತಾಡಪಾಲಿನಡಿ ಬಿದ್ದುಕೊಂಡಿತು. ಆ ಯಜಮಾನರು ಹೆಂಡತಿಯ ಕೈ ಹಿಡಿದು ಅಡಿಕೆ ಮರಗಳ ಮೇಲೆ ಹೆಜ್ಜೆ ಹೆಜ್ಜೆಯಾಗಿ ದಾಟುತ್ತಿದ್ದರು, ಒಂದು ಸಲವೂ ಡಯಾಲಿಸಿಸ್ ತಪ್ಪಲಿಲ್ಲ. ಆದರೆ ಕೆಲಸ ಬಿಟ್ಟು ಬಂದದ್ದರಿಂದ ಸಿದ್ದಾಪುರ ತಂಡದ ಸ್ಲ್ಯಾಬು ಮಳೆಗೆ ಮುಂಚೆ ಮುಗಿಯಲಿಲ್ಲ. ಅದನ್ನೇ ಹಿಡಿದು ಕಚೇರಿಯವರು ಮೇಡಂ ಅವರನ್ನು ಕೆಲಸದಲ್ಲಿ ಮುಂದುವರಿಸಲಿಲ್ಲ. ಮೇಡಂ ಸ್ಕೂಟರಿನ ಕಿಕ್ ಒದೆಯುತ್ತ, "ಇರ್ಲಿ ಬಿಡ್ರಿ, ಹೊತ್ತಾತು" ಎಂದು ಹೊರಟರು.

ಹೋದ ವರ್ಷ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿದ್ದಾರೆಂದು ತಿಳಿದು ನೋಡಹೋದೆ. ತೀರ ಸೋತಿದ್ದರು. ಹೊದಿಕೆಯೊಳಗೆ ಪಾದ ಮಾತ್ರ ಆಗಲೂ ಸುಮ್ಮನಿರಲಿಲ್ಲ. "ಎಂಬತ್ತು ಪರ್ಸೆಂಟ್ ಗುಣ ಆದಂಗೆ ಕಾಣ್ತೀರಿ ಮೇಡಂ" ಅಂದೆ.

ನಕ್ಕರು. "ಪರ್ಸೆಂಟ್ ಬ್ಯಾಡ್ರಿ. ನಾಳಿ ಮಧ್ಯಾಹ್ನ ನಾ ಏನ್ ನೋಡ್ತೀನಿ, ಹೇಳ್ರಿ."

"ನನ್ನನ್ನ ನೋಡ್ತೀರಿ ಮೇಡಂ. ಬರ್ತೇನೆ."

ಮರುದಿನ ಮಧ್ಯಾಹ್ನ ಹೋದೆ. ಮಂಪರಿನಲ್ಲಿದ್ದರು, ಕಣ್ಣು ತೆರೆಯಲಿಲ್ಲ. ಸಂಜೆಯವರೆಗೂ ಪಕ್ಕದಲ್ಲಿ ಕೂತು ಬಂದೆ. ಆ ವಾರವೇ ತೀರಿಕೊಂಡರು.

ಈಗ ಮೂರೂ ತಂಡಗಳನ್ನು ನೋಡಿಕೊಳ್ಳುವವನು ನಾನು. ಕೂರುವುದು ನನಗೂ ಮರೆತುಹೋಗಿದೆ. ಮೇ ಬಂತೆಂದರೆ ತಂಡದವರು ತೊಂಬತ್ತು ಪರ್ಸೆಂಟ್ ಎನ್ನುತ್ತಾರೆ. ನಾನು ಆಚೆ ದಡ ನೋಡುತ್ತೇನೆ, ಅಡಿಕೆ ಮರ ತಂದು ಹಾಕಿಕೊಂಡಿದ್ದಾರೋ ಎಂದು. ಕಾಣದಿದ್ದರೆ ಗಾಡಿ ನಿಲ್ಲಿಸಿ, ಹೆಲ್ಮೆಟ್ ತೆಗೆದು, ಹಳ್ಳಕ್ಕಿಳಿದು ದಾಟಿ ಹೋಗಿ ಕೇಳುತ್ತೇನೆ: "ಈ ವರ್ಷದ ಸಂಕ ಯಾವಾಗ ಹಾಕ್ತೀರಿ?"