ದೊರೆ ಕೇಳಿದ ಪ್ರಶ್ನೆಗಳು

ಪ್ರಶ್ನೆ ಕೇಳುವವರನ್ನು ಕಂಡರೆ ಒಂದು ಕಾಲಕ್ಕೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ನಾನು ಹುಟ್ಟಿ ಬೆಳೆದದ್ದು ಹಳೇ ಹುಬ್ಬಳ್ಳಿಯ ಒಂದು ಓಣಿಯಲ್ಲಿ. ಹೊಸ್ತಿಲು ದಾಟಿ ಬಸ್ಸು ಹಿಡಿಯುವಷ್ಟರಲ್ಲಿ ಓಣಿಗೆ ಓಣಿಯೇ ನನ್ನ ವಿಚಾರಣೆ ಮುಗಿಸುತ್ತಿತ್ತು. "ಎಲ್ಲಿಗೆ ಹೊಂಟ್ರಿ ಮಾಸ್ತರ?" "ನಾಷ್ಟಾ ಆತೇನ್ರಿ?" "ಅಂಗಿ ಹೊಸಾದೇನ್ರಿ, ಎಲ್ಲಿ ತಗೊಂಡ್ರಿ?" ಬಳೆ ಅಂಗಡಿಯ ಹುಸೇನ್‌ಸಾಬ್ ಕಾಕಾ ಅಂತೂ "ಲಗ್ನ ಯಾವಾಗರಿ?" ಎಂಬ ಒಂದೇ ಪ್ರಶ್ನೆಯನ್ನು ನನ್ನ ತಲೆಗೂದಲು ಬೆಳ್ಳಗಾಗುವವರೆಗೂ ಬೇಸರವಿಲ್ಲದೆ ಕೇಳಿದರು. ಲಗ್ನವೇನೂ ಆಗಲಿಲ್ಲ. ಕಾಲೇಜಿನಲ್ಲಿ ಇತಿಹಾಸ ಪಾಠ ಹೇಳಿಕೊಂಡು, ನಿವೃತ್ತಿಯಾದ ಮೇಲೆ ಯಾರೂ ಏನೂ ಕೇಳದ ಜಾಗಕ್ಕೆ ಹೋಗಿ ಓದುತ್ತ ಕೂರಬೇಕೆಂದು ಕನಸು ಕಾಣುತ್ತಿದ್ದೆ.

ಕನಸು ನನಸಾಯಿತು. ಧಾರವಾಡದ ಹೊಸ ಬಡಾವಣೆಯೊಂದರಲ್ಲಿ ಚಿಕ್ಕ ಮನೆ ಹಿಡಿದೆ. ಮನೆಮನೆಗೂ ಎದೆಮಟ್ಟದ ಕಂಪೌಂಡು, ಗೇಟಿಗೆ ಚಿಲಕ. ಮೊದಲ ಕೆಲವು ವಾರ ಸ್ವರ್ಗದಲ್ಲಿದ್ದೆ. ಆಮೇಲೆ ನೋಡಿದರೆ, ನನ್ನ ದನಿ ನನಗೇ ಕೇಳಬೇಕಾದರೆ ಹಾಲಿನವನು ಬರಬೇಕು. ಅವನಿಗೋ ಸದಾ ಅವಸರ. ಒಮ್ಮೆ ನೆಗಡಿಯಾಗಿ ದನಿ ಪೂರ್ತಿ ಬಿದ್ದುಹೋಗಿತ್ತು. ಅದು ಯಾವತ್ತು ಬಿತ್ತೆಂಬುದು ಇವತ್ತಿಗೂ ನನಗೆ ಗೊತ್ತಿಲ್ಲ.

ಹೀಗಿರುವಾಗ, ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ, ಊರಲ್ಲೊಂದು ಕಲಾ ಉತ್ಸವ ನಡೆಯಿತು. ಎಲ್ಲೆಲ್ಲಿಂದಲೋ ಬಂದ ಹುಡುಗ ಹುಡುಗಿಯರು ಬ್ರಿಟಿಷರ ಕಾಲದ ಹಳೆಯ ಬಂಗಲೆಯೊಂದನ್ನು ಹಿಡಿದು, ದೊರೆಗಳು ಹೋದರೂ ದೊರೆತನ ಹೋಗಿಲ್ಲವೆಂದು ನಮಗೆ ತೋರಿಸಲು ಹೊರಟಿದ್ದರು. ಒಂದು ಕೋಣೆಯ ತುಂಬ ಹತ್ತಿ ಹರಡಿದ್ದರು. ಬರಿಗಾಲಲ್ಲಿ ಅದರ ಮೇಲೆ ನಡೆಯುತ್ತ, ಈ ಹತ್ತಿಯ ಆಸೆಗೆ ನಮ್ಮ ಹೊಲಗಳ ಮೇಲೆ ದೊರೆಗಳ ಕಣ್ಣು ಬಿದ್ದದ್ದನ್ನು ನೆನೆಯಬೇಕಂತೆ. ಅಮ್ಮಿನಬಾವಿ ಹಳ್ಳಿಯಿಂದ ಬಂದಿದ್ದ ಹೆಂಗಸರು ಒಳಗೆ ಕಾಲಿಡಲಿಲ್ಲ. "ಅಯ್ಯ, ಬೆಳಿ ತುಳೀತಾರೇನ್ರಿ?" ಎಂದು ಬಾಗಿಲಲ್ಲೇ ಕೂತು ಹತ್ತಿಯೊಳಗಿನ ಕಸ ಆರಿಸತೊಡಗಿದರು. ಪಾಪ, ಹತ್ತಿ ಹರಡಿದ್ದ ಕಲಾವಿದೆ ನಗಬೇಕೋ ಅಳಬೇಕೋ ತಿಳಿಯದೆ ತಾನೂ ಅವರ ಪಕ್ಕ ಕೂತಳು.

ನಾನು ಹೋದದ್ದು ಕಲೆಗಾಗಿ ಎಂದು ಹೇಳಿದರೆ ಸುಳ್ಳಾದೀತು. ಜನ ಸೇರುತ್ತಾರೆಂದು ಹೋಗಿದ್ದೆ.

ಹಿಂದಿನ ಕೋಣೆಯಲ್ಲಿ ಒಬ್ಬನೇ ಪ್ರೇಕ್ಷಕನಿಗಾಗಿ ಒಂದು ನಾಟಕವಿತ್ತು. ಒಬ್ಬರಾದ ಮೇಲೆ ಒಬ್ಬರು ಒಳಗೆ ಹೋಗಬೇಕು. ಬಾಗಿಲಲ್ಲಿದ್ದ ಹುಡುಗಿ ನನಗೆ ನಿಯಮ ಹೇಳಿದಳು: "ಒಳಗ ಬಿಳಿ ದೊರಿ ಕುಂತಿರ್ತಾನ್ರಿ ಸರ. ಪ್ರಶ್ನಿ ಕೇಳಕೋತ ಹೋಗ್ತಾನ. ನಿಮಗ ಸಾಕಾದಾಗ 'ಹೇಳೂದಿಲ್ಲ' ಅನ್ರಿ. ಆ ಕಡೆ ಬಾಗಲಾ ತಗೀತೀವಿ, ಡೊಳ್ಳು ಬಾರಸ್ತೀವಿ. ಅಲ್ಲಿಗೆ ನಾಟಕ ಮುಗೀತು." ನನಗಿಂತ ಮುಂದಿದ್ದವರ ಡೊಳ್ಳು ಲಗುಲಗು ಕೇಳಿಬರುತ್ತಿತ್ತು. ಜಾತಿ ಯಾವುದು ಎನ್ನುವಲ್ಲಿಗೆ ಬಹುತೇಕರು ಸ್ವತಂತ್ರರಾಗುತ್ತಿದ್ದರು.

ಒಳಗೆ ಎತ್ತರದ ಕುರ್ಚಿಯ ಮೇಲೆ, ಮುಖಕ್ಕೆ ಬಿಳಿ ಬಳಿದುಕೊಂಡು, ಟೋಪಿ ಹಾಕಿದ ಹುಡುಗನೊಬ್ಬ ಕೂತಿದ್ದ. ಎದುರಿಗೆ ಕುರ್ಚಿಯಿಲ್ಲ, ನಾವು ನಿಂತೇ ಉತ್ತರ ಕೊಡಬೇಕು. ಹೆಸರು ಕೇಳಿದ. ಹೆಸರು ಹೇಳಿ, ಅದನ್ನಿಟ್ಟ ಸೋದರತ್ತೆಯ ಕಥೆಯನ್ನೂ ಹೇಳಿದೆ. ಬೆಳಿಗ್ಗೆ ಏನು ತಿಂದೆ ಎಂದು ಗದರಿದ. ಉಪ್ಪಿಟ್ಟು ಎಂದೆ, ಅದಕ್ಕೆ ಉಪ್ಪು ಹಾಕಲು ಮರೆತದ್ದನ್ನೂ ಮುಚ್ಚಿಡಲಿಲ್ಲ. ಎತ್ತೆಷ್ಟು, ಬಾವಿಯೆಷ್ಟು, ಗುಡಿಯೆಷ್ಟು ಎಂದು ಕೇಳಿ ಕೇಳಿ, ಬರೆದು ಬರೆದು, ನಮ್ಮ ಊರುಗಳನ್ನು ಬ್ರಿಟಿಷರು ತಮ್ಮ ಕೈವಶ ಮಾಡಿಕೊಂಡರೆಂದು ವರ್ಷಗಟ್ಟಲೆ ಪಾಠ ಹೇಳಿದವನು ನಾನೇ. ಆದರೂ ಸಿಟ್ಟು ಬರಲೊಲ್ಲದು. ಇಷ್ಟು ಆಸ್ಥೆಯಿಂದ ನನ್ನನ್ನು ಯಾರಾದರೂ ವಿಚಾರಿಸಿ ಎಷ್ಟು ಕಾಲವಾಗಿತ್ತೋ!

ದೊರೆ ಬೆವರತೊಡಗಿದ. ಮುಖದ ಬಿಳಿ ಕತ್ತಿನವರೆಗೆ ಇಳಿಯಿತು. ಕಡೆಗೆ ಮುಂದೆ ಬಾಗಿ ಪಿಸುಗುಟ್ಟಿದ: "ಸರ, ಲಗೂ ಸಿಟ್ಟ ಮಾಡ್ಕೋರಿ. ಹೊರಗ ಪಾಳಿ ಭಾಳ ಅದ."

"ನೀವು ಕೇಳ್ರಿ. ನನಗೇನೂ ಬ್ಯಾಸರಿಲ್ಲ," ಎಂದೆ.

ಅವನು ಟೋಪಿ ಸರಿಮಾಡಿಕೊಂಡು, ಕುರ್ಚಿಯಿಂದ ಎದ್ದು ನಿಂತು, ಗೋಡೆ ನಡುಗುವಂತೆ ಕೇಳಿದ: "ನೀನು ಇವತ್ತು ಮನೆಗೆ ಹೋಗದಿದ್ದರೆ ಯಾರಿಗೆ ಗೊತ್ತಾಗುತ್ತದೆ?"

ಜೈಲಿಗೆ ಹಾಕುತ್ತೇನೆಂಬ ಬೆದರಿಕೆ ಅಷ್ಟೇ. ಹುಡುಗನ ಮನಸ್ಸಿನಲ್ಲಿ ಬೇರೇನೂ ಇರಲಿಲ್ಲ. ನಾನು ಮಾತ್ರ ನಿಜವಾಗಿಯೂ ಯೋಚನೆ ಮಾಡಿದೆ. ಹಾಲಿನವನು ಒಂದು ಸಲ ಕೂಗಿ ಮುಂದಿನ ಮನೆಗೆ ಹೋಗುತ್ತಾನೆ. ಹುಸೇನ್‌ಸಾಬ್ ಕಾಕಾ ತೀರಿಕೊಂಡು ಬಹಳ ದಿನವಾಯಿತು. ಮತ್ತೆ ಯಾರೆಂದು ಹುಡುಕಿದೆ.

"ಹೇಳೂದಿಲ್ಲ," ಎಂದೆ.

ಡೊಳ್ಳು ಬಾರಿಸಿದರು. ಬಾಗಿಲು ತೆರೆದು ಬಿಸಿಲು ಒಳಗೆ ಬಂತು. ಹೊರಗೆ ಕಾದಿದ್ದವರೆಲ್ಲ ಚಪ್ಪಾಳೆ ತಟ್ಟಿದರು. "ಎಷ್ಟೊತ್ತು ತಡಕೊಂಡ್ರಿ ಸರ! ಆದ್ರ ಕಡೀಕೆ ಬಗ್ಗಲಿಲ್ಲ ನೋಡ್ರಿ," ಎಂದು ಡೊಳ್ಳಿನವನು ಕೈ ಕುಲುಕಿದ. ಕಣ್ಣೊರೆಸಿಕೊಳ್ಳುತ್ತಿದ್ದ ನನ್ನನ್ನು ನೋಡಿ ಅವನ ಕಣ್ಣೂ ಒದ್ದೆಯಾಯಿತು. ಅಂಗಳದಲ್ಲಿ ನನಗಿಂತ ಮೊದಲು ಸ್ವತಂತ್ರರಾದವರು ಒಬ್ಬೊಬ್ಬರೇ ಚಹಾ ಕುಡಿಯುತ್ತ ನಿಂತಿದ್ದರು. ನಾನೂ ಒಂದು ಕಪ್ಪು ಹಿಡಿದು ಒಂದು ಮೂಲೆಯಲ್ಲಿ ನಿಂತೆ.

ಮರುದಿನ ಮತ್ತೆ ಹೋಗಿ ಪಾಳಿಗೆ ಸೇರಿದೆ. "ಒಬ್ಬರಿಗೆ ಒಂದ ಸಲರಿ ಸರ," ಎಂದು ಬಾಗಿಲಿನ ಹುಡುಗಿ ನಕ್ಕು ನನ್ನನ್ನು ಕಳಿಸಿಬಿಟ್ಟಳು.

ಮನೆಗೆ ಬಂದಾಗ ಪಕ್ಕದ ಮನೆಯವರು ಅಬ್ಬಲಿಗೆ ಗಿಡಕ್ಕೆ ನೀರು ಬಿಡುತ್ತಿದ್ದರು. ಇಷ್ಟು ವರ್ಷ ನಾವಿಬ್ಬರೂ ತಲೆಯಾಡಿಸುವುದರಲ್ಲೇ ಕಾಲ ಕಳೆದಿದ್ದೆವು. ಗೇಟಿನ ಚಿಲಕಕ್ಕೆ ಕೈ ಹಾಕಿದವನು ತಿರುಗಿ ಕೇಳಿಯೇಬಿಟ್ಟೆ.

"ನಿಮ್ಮದು ಯಾವ ಊರ್ರಿ?"

"ಉಪ್ಪಿನಬೆಟಗೇರಿ. ಯಾಕ್ರಿ?" ಎಂದರು, ಸ್ವಲ್ಪ ಅನುಮಾನದಿಂದಲೇ.

ಈ 'ಯಾಕೆ'ಗೆ ದೊರೆಯ ಹತ್ತಿರವಾದರೆ ಉತ್ತರವಿರುತ್ತದೆ: ಬರೆದುಕೊಳ್ಳಲಿಕ್ಕೆ. ಹುಸೇನ್‌ಸಾಬ್ ಕಾಕಾ ಕೇಳಿದ್ದನ್ನು ಎಂದೂ ಬರೆದುಕೊಂಡವರಲ್ಲ. ಮರುದಿನ ಮತ್ತೆ ಕೇಳಬೇಕಲ್ಲ!

"ಸುಮ್ಮನ ಕೇಳಿದೆರಿ," ಎಂದೆ.

ಅವರು ನನ್ನನ್ನೊಮ್ಮೆ ನೋಡಿ, ಪೈಪು ಕೆಳಗಿಟ್ಟು ಒಳಗೆ ಹೋದರು. ಇಷ್ಟಕ್ಕೇ ಮುಗಿಯಿತೆಂದು ನಾನು ಚಿಲಕ ತೆಗೆದೆ. ಅಷ್ಟರಲ್ಲಿ ನಲ್ಲಿ ಬಂದ್ ಮಾಡಿಕೊಂಡು ಮರಳಿ ಬಂದು, ಕಂಪೌಂಡಿನ ಮೇಲೆ ಎರಡೂ ಮೊಳಕೈ ಊರಿದರು.

"ನಿಮ್ಮದರಿ?"

ನಾನು ತಂದೆಯ ಹೆಸರಿನಿಂದಲೇ ಶುರು ಮಾಡಿದೆ.