ತೂತಿನೊಳಗಿನ ಧೂಳು

ಜಯನಗರದ ನಮ್ಮ ಮನೆಯ ಹಾಲ್‌ನಲ್ಲಿ ಅಮ್ಮನಿಗೆ ಉಯ್ಯಾಲೆ ಹಾಕಿಸಿದ್ದು ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ. ಕೆಲಸದವನು ಸೀಲಿಂಗಿಗೆ ನಾಲ್ಕು ತೂತು ಕೊರೆದ. ಕೆಳಗೆ ನಾನು ಹಳೆ ಸೀರೆ ಹರಡಿದ್ದೆ. ಆಮೇಲೆ ಆತ ಚೀಲದಿಂದ ಗಾಳಿ ಊದುವ ಪಂಪು ತೆಗೆದ.

“ತೂತಿನೊಳಗಿನ ಧೂಳು ಹೋಗ್ಬೇಕು ಮೇಡಂ. ಇಲ್ದಿದ್ರೆ ಬೋಲ್ಟಿಗೆ ಹಾಕೋ ಅಂಟು ಧೂಳಿಗೆ ಹಿಡಿಯುತ್ತೆ, ಕಾಂಕ್ರೀಟ್‌ಗಲ್ಲ.”

ಪಕ್ಕದಲ್ಲೇ ಕಳಶದ ಮಂಟಪ ಸಿದ್ಧವಾಗಿತ್ತು. ಎರಡು ಸಲ ನೆಲ ಒರೆಸಿ ರಂಗೋಲಿ ಬಿಟ್ಟಿದ್ದೆ. ನನಗೆ ರೇಗಿತು.

“ದೇವರ ಮುಂದೆ ಧೂಳು ಎಬ್ಬಿಸ್ತೀರಾ? ಸಾಕು, ಹಾಗೇ ಕೂರಿಸಿ.”

ಆತ ಪಂಪನ್ನು ಚೀಲಕ್ಕೆ ಹಾಕಿಕೊಂಡ. ಅಂಟು ತುಂಬಿ ಬೋಲ್ಟ್ ಕೂರಿಸಿದ.

ಮರುದಿನ ಸಂಜೆ ಅರಿಶಿನ ಕುಂಕುಮಕ್ಕೆ ಬಂದವರೆಲ್ಲ ಕೂತು ತೂಗಿಕೊಂಡರು. ಏನೂ ಆಗಲಿಲ್ಲ. ಸಂಕ್ರಾಂತಿ ಕಳೆದ ಮೇಲೆ ಒಂದು ಮಧ್ಯಾಹ್ನ, ಅಮ್ಮ ಉಯ್ಯಾಲೆಯ ಮೇಲೆ ಅವರೆಕಾಯಿ ಸುಲಿಯುತ್ತ ಕೂತಿದ್ದಾಗ, ಒಂದು ಸರಪಳಿ ಬೋಲ್ಟ್ ಸಮೇತ ಕಿತ್ತು ಬಂತು. ಅಮ್ಮನ ಸೊಂಟ ಮುರಿಯಿತು.

ಆ ಬೋಲ್ಟ್ ಎತ್ತಿ ನೋಡಿದೆ. ಅಂಟು ಅದಕ್ಕೆ ಕಲ್ಲಿನಂತೆ ಕಚ್ಚಿಕೊಂಡಿತ್ತು. ಅಂಟಿನ ಸುತ್ತಲೂ ಬೂದು ಧೂಳು. ಮುಟ್ಟಿದರೆ ಪೌಡರಿನಂತೆ ಬೆರಳಿಗೆ ಹತ್ತಿತು.

ಅಮ್ಮನ ಮಂಚ ಈಗ ಹಾಲ್‌ನಲ್ಲೇ ಇದೆ. ಉಳಿದ ಮೂರು ಬೋಲ್ಟ್ ಇನ್ನೂ ಮೇಲೆಯೇ ಇವೆ. ಧೂಳು ಉದುರಿದೆಯೇ ಎಂದು ದಿನವೂ ಅವುಗಳ ಕೆಳಗಿನ ನೆಲದ ಮೇಲೆ ಬೆರಳಾಡಿಸಿ ನೋಡುತ್ತೇನೆ.

ನೋಡಲು ಬಂದವರಿಗೆಲ್ಲ ಅಮ್ಮ ಮಲಗಿದ್ದಲ್ಲಿಂದಲೇ ಹೇಳುತ್ತಾಳೆ: “ತಪ್ಪು ನಂದೇ ಕಣ್ರೀ. ದಪ್ಪ ಆಗ್ಬಿಟ್ಟಿದ್ದೆ. ಪಾಪ, ಅದಾದ್ರೂ ಎಷ್ಟೂಂತ ತಡ್ಕೊಳುತ್ತೆ?”

ನಾನು ಕಾಫಿ ತರುತ್ತೇನೆಂದು ಅಡುಗೆಮನೆಗೆ ಹೋಗಿಬಿಡುತ್ತೇನೆ.