ಅವ್ವನ ಪಾಲಿನ ಹತ್ತು ಮಣಿ

ಅಕ್ಟೋಬರ್ ಬಂತೆಂದರೆ ಬೆಂಗೇರಿಯ ನಮ್ಮ ಕ್ಯಾಥೊಲಿಕ್ ಮನೆಗಳಿಗೆ ಮಾತೆ ಮರಿಯಮ್ಮ ಸರದಿಯ ಮೇಲೆ ಬರುತ್ತಾಳೆ. ಗಾಜಿನ ಪೆಟ್ಟಿಗೆಯೊಳಗಿನ ಪುಟ್ಟ ಮೂರ್ತಿ ದಿನಕ್ಕೊಂದು ಮನೆಯಲ್ಲಿ ತಂಗುತ್ತದೆ. ಸಂಜೆ ಏಳಕ್ಕೆ ಎಲ್ಲರೂ ಆ ಮನೆಯಲ್ಲಿ ಸೇರಿ ಜಪಸರ ಹೇಳುತ್ತಾರೆ. ಹತ್ತು ಮಣಿಗಳ ಐದು ಸುತ್ತು. ಸುತ್ತು ನಡೆಸುವವರು ಮನೆಯವರೇ ಆಗಬೇಕು ಎನ್ನುವುದು ನಮ್ಮ ಓಣಿಯ ರೂಢಿ. ಅವರು ‘ನಮೋ ಮರಿಯ’ದ ಮೊದಲರ್ಧ ಹೇಳುತ್ತಾರೆ, ಉಳಿದರ್ಧ ಕೂತವರೆಲ್ಲ ಸೇರಿ ಉತ್ತರವಾಗಿ ಹೇಳುತ್ತಾರೆ. ಮನೆ ತುಂಬ ಜನ ಕೂತಾಗ ಉತ್ತರ ಬಾರದಿದ್ದರೆ, ಅದು ಕಪಾಳಕ್ಕೆ ಹೊಡೆದ ಹಾಗೆಯೇ.

ನಮ್ಮ ಮನೆಯಲ್ಲಿ ಮೊದಲ ಸುತ್ತು ಯಾವತ್ತೂ ಅವ್ವನದು. ಹೋದ ವರ್ಷ ಲಕ್ವಾ ಹೊಡೆದು ಅವಳ ಮಾತು ಹೋಯಿತು, ಬಲಗೈ ಹೋಯಿತು. ತಿಳಿವಳಿಕೆ ಮಾತ್ರ ಹಾಗೇ ಉಳಿಯಿತು. ನಮ್ಮ ಸರದಿ ಮಂಗಳವಾರ ಎಂದು ಗೊತ್ತಾದಾಗ, ನಿನ್ನ ಸುತ್ತು ಯಾರು ಹೇಳಬೇಕು ಎಂದು ಕೇಳಿದೆ. ಅವ್ವ ದಿಂಬಿನ ಕೆಳಗಿಂದ ಜಪಸರ ತೆಗೆದು, ಗೋಡೆಯ ಮೇಲಿದ್ದ ಅಕ್ಕನ ಫೋಟೋ ತೋರಿಸಿದಳು.

ಅಕ್ಕ ಹನ್ನೊಂದು ವರ್ಷದ ಹಿಂದೆ ಬೈರಿದೇವರಕೊಪ್ಪದಲ್ಲಿ ಗ್ಯಾರೇಜು ಇಟ್ಟುಕೊಂಡಿರುವ ಮುಸಲ್ಮಾನರ ಹುಡುಗನನ್ನು ನಿಕಾಹ್ ಆದವಳು. ಮನೆಗೆ ಬಂದು ಹೋಗುತ್ತಿದ್ದಳು, ಮೂರ್ತಿ ಬಂದ ದಿನ ಮಾತ್ರ ಬರುತ್ತಿರಲಿಲ್ಲ. ಅವ್ವನಿಗೆ ಲಕ್ವಾ ಹೊಡೆದ ದಿನ ಅವಳನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದವನು ಅಕ್ಕನ ಗಂಡ. ನಾನು ಸ್ಕೂಟರಿನ ಚಾವಿ ಹುಡುಕುತ್ತಿದ್ದೆ.

ಫೋನ್ ಮಾಡಿದಾಗ ಅಕ್ಕ ಹಿಂದೇಟು ಹಾಕಿದಳು.

“ಯಾರೂ ಉತ್ತರಾ ಕೊಡಲಿಲ್ಲಂದ್ರ?”

“ನಾ ಇಲ್ಲೇನು? ನಾ ಹೇಳತೇನಿ, ನೀ ಬಾ.”

ಮಂಗಳವಾರ ಚಾಪೆಯ ಮೇಲೆ ಇಪ್ಪತ್ತು ಜನ ಕೂತಿದ್ದರು. ಅವರಿಗೆಲ್ಲ ಮುಖ್ಯಸ್ಥೆ ನಮ್ಮ ಓಣಿಯ ನಿವೃತ್ತ ಟೀಚರಬಾಯಿ. ಅವರ ಸಹಿ ಇಲ್ಲದೆ ನಮ್ಮ ಯಾವ ಅರ್ಜಿಯೂ ಚರ್ಚಿನ ಗುರುಗಳ ತನಕ ಹೋಗುವುದಿಲ್ಲ. ಕಾನ್ವೆಂಟ್ ಶಾಲೆಗೆ ನನ್ನ ಮಗಳನ್ನು ಸೇರಿಸುವ ಅರ್ಜಿ ಆ ವಾರ ಅವರ ಕೈಯಲ್ಲೇ ಇತ್ತು. ಅಕ್ಕ ತಲೆಯ ಮೇಲೆ ದುಪಟ್ಟಾ ಹೊದ್ದು ಬಂದಳು. ಅಲ್ಲಿದ್ದ ಹೆಂಗಸರೆಲ್ಲ ತಲೆ ಮುಚ್ಚಿಕೊಂಡೇ ಕೂತಿದ್ದರು. ಟೀಚರಬಾಯಿಯ ಕಣ್ಣಿಗೆ ಬಿದ್ದದ್ದು ಅಕ್ಕನ ತಲೆಯೊಂದೇ.

ಮಂಗಳವಾರ ದುಃಖದ ರಹಸ್ಯಗಳ ದಿನ, ಸುತ್ತಿಗೊಂದರಂತೆ ಯೇಸುವಿನ ಪಾಡು ನೆನೆಯುವ ದಿನ. ಶಿಲುಬೆಗೇರುವ ಹಿಂದಿನ ರಾತ್ರಿ ಯೇಸು ತೋಟದಲ್ಲಿ ಸಂಕಟಪಟ್ಟದ್ದನ್ನು ನೆನೆಯೋಣ ಎಂದು ಅಕ್ಕ ಅವ್ವನ ಜಪಸರ ಹಿಡಿದು ಶುರುಮಾಡಿದಳು. ಮೊದಲರ್ಧ ಹೇಳಿ ನಿಲ್ಲಿಸಿದಳು. ಟೀಚರಬಾಯಿ ಪ್ರಾರ್ಥನೆಯ ಪುಸ್ತಕದೊಳಗೆ ಮುಖ ಇಟ್ಟರು. ಅವರನ್ನು ನೋಡಿ ಉಳಿದವರು ಬಾಯಿಗೆ ಬೀಗ ಹಾಕಿಕೊಂಡರು. ಅಕ್ಕ ನನ್ನ ಕಡೆ ನೋಡಿದಳು. ನಾನು ಬಗ್ಗಿ, ನೆಟ್ಟಗೇ ಇದ್ದ ಮೇಣದ ಬತ್ತಿಯನ್ನು ನೆಟ್ಟಗೆ ಮಾಡಿದೆ.

ಆಗ ಮಂಚದಿಂದ ಅವ್ವನ ದನಿ ಬಂತು. ಮಾತಲ್ಲ, ಬರೀ ‘ಆ... ಆ...’. ಉಳಿದರ್ಧ ಹೇಳಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಎಳೆದಳು. ಅದು ಮುಗಿಯುವ ತನಕ ಕಾದು ಅಕ್ಕ ಎರಡನೆಯ ಮಣಿ ಹಿಡಿದಳು. ಹೀಗೆ ಹತ್ತು ಸಲ. ಆ ತೋಟದಲ್ಲಿ ಯೇಸು ಎಚ್ಚರವಿರಿ ಎಂದಾಗ ಶಿಷ್ಯರು ನಿದ್ದೆ ಹೋಗಿದ್ದರಂತೆ. ನಮ್ಮಲ್ಲಿ ಯಾರೂ ನಿದ್ದೆ ಹೋಗಿರಲಿಲ್ಲ.

ಎರಡನೆಯ ಸುತ್ತು ನನ್ನದು. ಮೊದಲರ್ಧ ಮುಗಿಸುವುದೇ ತಡ, ಛಾವಣಿಯ ತಗಡು ಹಾರುವಂತೆ ಉತ್ತರ ಬಂತು. ಎಲ್ಲರಿಗಿಂತ ದೊಡ್ಡ ದನಿ ಟೀಚರಬಾಯಿಯದು. ಅಕ್ಕನೂ ನನಗೆ ಉತ್ತರ ಕೊಟ್ಟಳು. ನನಗೆ ನೆಲ ಬಿರಿದು ಒಳಗೆ ಹೋಗುವ ಹಾಗಾಯಿತು, ಆದರೂ ಹತ್ತೂ ಮಣಿ ಸುಸೂತ್ರ ಮುಗಿಸಿದೆ. ನನ್ನಂಥ ಹೇಡಿಗಳಿಗೆ ಅದೊಂದು ಚೆನ್ನಾಗಿ ಬರುತ್ತದೆ.

ಜಪ ಮುಗಿದ ಮೇಲೆ ಅಕ್ಕ ಚಪ್ಪಲಿ ಮೆಟ್ಟಿದಳು. ಅವಳ ಗಂಡ ಹೊರಗೆ ಬೈಕಿನ ಹತ್ತಿರ ನಿಂತಿದ್ದ. ನಾನು ಚುರುಮುರಿಯ ಪ್ಲೇಟು ಹಿಡಿದು ಗೇಟಿನ ತನಕ ಓಡಿದೆ. ಅವಳು ಪ್ಲೇಟು ಮುಟ್ಟಲಿಲ್ಲ.

“ಅವ್ವಗ ಮಾತು ಹೋಗೇತಿ, ಆದ್ರೂ ಉತ್ತರಾ ಕೊಟ್ಟಳು,” ಎಂದಳು. “ನಿನಗೇನಾಗಿತ್ತು?”

ಮುಂದೆ ಗುರುಗಳ ಕಿವಿಗೆ ಸುದ್ದಿ ಬಿದ್ದು, ಜಪಸರ ಹೇಳಲು ಯಾರಿಗೂ ಅಡ್ಡಿ ಇಲ್ಲ ಎಂದು ಅವರು ಓಣಿಯವರನ್ನು ಬೈದರಂತೆ. ಟೀಚರಬಾಯಿಗೆ ಅವತ್ತು ಗಂಟಲು ಕಟ್ಟಿತ್ತಂತೆ. ಮಗಳಿಗೆ ಸೀಟು ಸಿಕ್ಕಿತು. ದಿನಾ ಬೆಳಿಗ್ಗೆ ಅವಳ ಯೂನಿಫಾರ್ಮಿಗೆ ಇಸ್ತ್ರಿ ಮಾಡುವವನು ನಾನೇ.

ಅಕ್ಕ ಈಗ ಮನೆಗೆ ಬರುವುದಿಲ್ಲ. ಸಂಜೆ ಏಳಕ್ಕೆ ಫೋನ್ ಮಾಡುತ್ತಾಳೆ. ನಾನು ಅದನ್ನು ಅವ್ವನ ಕಿವಿಯ ಹತ್ತಿರ ಹಿಡಿದು ಕೂಡುತ್ತೇನೆ. ಅಕ್ಕ ಮೊದಲರ್ಧ ಹೇಳುತ್ತಾಳೆ, ಅವ್ವ ‘ಆ... ಆ...’ ಎನ್ನುತ್ತಾಳೆ. ಐದೂ ಸುತ್ತು ಹೀಗೇ ಆಗುತ್ತವೆ. ಮೊನ್ನೆ ತಡೆಯಲಾಗದೆ ನಾನೂ ಸಣ್ಣ ದನಿಯಲ್ಲಿ ‘ಸಂತ ಮರಿಯ, ದೇವಮಾತೆಯೇ’ ಎಂದು ಉತ್ತರ ಶುರುಮಾಡಿದೆ. ಅವ್ವ ತನ್ನ ಎಡಗೈ ಎತ್ತಿ ನನ್ನ ಬಾಯಿ ಮುಚ್ಚಿದಳು.